ಮಾಜಿ ಸೈನಿಕರು ಮುಂದೇನು ಓದಬೇಕು?

2007ರಲ್ಲಿ ನಾನು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯಾಗಿದ್ದೆ. ಸಾರ್ವಜನಿಕರ ಅಹವಾಲು ಸ್ವೀಕರಿಸುವ ದಿನ ನಿವೃತ್ತ ಹವಾಲ್ದಾರರೊಬ್ಬರು ನನ್ನೆದುರು ಬಂದು ನಿಂತರು. ವಯಸ್ಸು ಮೂವತ್ತೆಂಟರ ಆಸುಪಾಸು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಹದಿನೇಳು ವರ್ಷ ಸೈನ್ಯದ ಇಎಂಇ ವಿಭಾಗದಲ್ಲಿ ವಾಹನಗಳ ಮೆಕ್ಯಾನಿಕ್ ಆಗಿದ್ದವರು. ಲಡಾಖ್‌ನಲ್ಲಿ ಇಂಧನವೇ ಹೆಪ್ಪುಗಟ್ಟುವ ಚಳಿಯಲ್ಲಿ ಲಾರಿಗಳ ಎಂಜಿನ್ ಬಿಚ್ಚಿ ಜೋಡಿಸಿದವರು. ಸೇವೆಯಲ್ಲಿದ್ದಾಗಲೇ ಪಿಯುಸಿ ಮುಗಿಸಿದ್ದರು. ಅವರ ಅರ್ಜಿಯಲ್ಲಿ ಎರಡು ಬೇಡಿಕೆಗಳಿದ್ದವು. ಮೊದಲನೆಯದು ಮಾಜಿ ಸೈನಿಕರ ಪಾಲಿನಲ್ಲಿ ಜಮೀನು. ಎರಡನೆಯದು ಕೆಲಸ, ಇಲ್ಲವೇ ಕೆಲಸ ಸಿಗಲು ಏನು ಓದಬೇಕೆಂಬ ಸಲಹೆ.

ಜಮೀನಿನ ಅರ್ಜಿಯ ಮೇಲೆ 'ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ' ಎಂದು ಬರೆದು ತಹಶೀಲ್ದಾರರಿಗೆ ಕಳುಹಿಸಿದೆ. ಎರಡನೆಯ ಬೇಡಿಕೆಗೆ ಒಂದು ನಿಮಿಷವೂ ಯೋಚಿಸದೆ ಉತ್ತರ ಕೊಟ್ಟೆ: 'ದೂರಶಿಕ್ಷಣದಲ್ಲಿ ಒಂದು ಬಿ.ಎ. ಮಾಡಿಕೊಳ್ಳಿ, ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಹಾಕಬಹುದು.' ಅವರು ಸೆಲ್ಯೂಟ್ ಹೊಡೆದು ಹೊರಟರು. ಹೊರಗೆ ಇನ್ನೂ ನೂರಾರು ಜನ ಕಾಯುತ್ತಿದ್ದರು. ಒಳ್ಳೆಯ ಸಲಹೆ ಕೊಟ್ಟೆನೆಂಬ ಸಮಾಧಾನದಿಂದ ನಾನು ಮುಂದಿನ ಅರ್ಜಿಯನ್ನು ಕೈಗೆತ್ತಿಕೊಂಡೆ.

ಅದು ಕೆಟ್ಟ ಸಲಹೆಯಾಗಿತ್ತು. ಎಷ್ಟು ಕೆಟ್ಟದ್ದೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಅದೇ ಊರಿನ ಮದುವೆಯೊಂದರಲ್ಲಿ ಅವರನ್ನು ಮತ್ತೆ ಕಂಡಾಗ. ಅವರು ಹೇಳಿದಂತೆಯೇ ಮಾಡಿದ್ದರು. ಐಚ್ಛಿಕ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದಿ ಮೂರು ವರ್ಷಗಳಲ್ಲಿ ಬಿ.ಎ. ಮುಗಿಸಿದರು. ಬಳಿಕ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಹಲವು ಬಾರಿ ಬರೆದರು. ಆಗಷ್ಟೇ ಕಾಲೇಜಿನಿಂದ ಹೊರಬಂದ, ತರಬೇತಿ ಕೇಂದ್ರಗಳಲ್ಲಿ ಪಳಗಿದ ಹುಡುಗರ ನಡುವೆ ಮೀಸಲಾತಿಯ ಕನಿಷ್ಠ ಅಂಕವೂ ಕೈಗೆಟುಕಲಿಲ್ಲ. ಕೊನೆಗೆ ಪುಣೆಯ ಕಾರ್ಖಾನೆಯೊಂದರ ಗೇಟಿನಲ್ಲಿ ಆರು ವರ್ಷ ಕಾವಲು ಕಾದು, ಊರಿಗೆ ಮರಳಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ ಹಾಕಿಕೊಂಡಿದ್ದಾರೆ. 'ಸಾಹೇಬ್ರ, ನೀವು ಹೇಳಿದ್ರಿ ಅಂತ ಡಿಗ್ರಿ ಮಾಡಿದೆ. ಅದನ್ನ ತಗೊಂಡು ಏನ್ ಮಾಡಬೇಕು ಅಂತ ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ' ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಅಂದು ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: ನಿಮಗೆ ಏನು ಕೆಲಸ ಬರುತ್ತದೆ? ಕೇಳಿದ್ದರೆ ಉತ್ತರ ಅವರ ಬಿಡುಗಡೆ ಪುಸ್ತಕದಲ್ಲೇ ಇತ್ತು. ಸಾರಿಗೆ ಇಲಾಖೆಯ ಮೋಟಾರು ವಾಹನ ನಿರೀಕ್ಷಕರ ಹುದ್ದೆಗೆ ಬೇಕಾದದ್ದು ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ, ವರ್ಕ್‌ಶಾಪಿನ ಅನುಭವ ಹಾಗೂ ಚಾಲನಾ ಪರವಾನಗಿ. ಮೂರು ವರ್ಷವನ್ನು ಬಿ.ಎ.ಗೆ ಕೊಟ್ಟ ಮನುಷ್ಯ ಅದೇ ಮೂರು ವರ್ಷವನ್ನು ಪಾಲಿಟೆಕ್ನಿಕ್‌ಗೆ ಕೊಟ್ಟಿದ್ದರೆ, ವಯೋಮಿತಿಯ ಸಡಿಲಿಕೆ ಮತ್ತು ಮಾಜಿ ಸೈನಿಕರ ಮೀಸಲಾತಿ ಎರಡೂ ಅವರ ಬೆನ್ನಿಗಿರುತ್ತಿದ್ದವು. ಕೆಲಸ ಸಿಕ್ಕೇ ಸಿಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಸ್ಪರ್ಧೆ ಅವರಿಗೆ ಗೊತ್ತಿದ್ದ ಅಂಗಳದಲ್ಲಿ ನಡೆಯುತ್ತಿತ್ತು.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಹತ್ತನೆಯ ತರಗತಿ ಪಾಸಾಗಿ ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದ ಮಾಜಿ ಸೈನಿಕರನ್ನು, ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಲ್ಲದ ಗ್ರೂಪ್ 'ಸಿ' ಹುದ್ದೆಗಳ ಮಟ್ಟಿಗೆ ಪದವೀಧರರೆಂದೇ ಪರಿಗಣಿಸಬಹುದೆಂದು ಕೇಂದ್ರ ಸರ್ಕಾರ 1986ರಲ್ಲಿಯೇ ನಿಯಮ ಮಾಡಿದೆ. ಅಂದರೆ ಕೇಂದ್ರದ ಅಂಥ ಹುದ್ದೆಗಳಿಗೆ ಆ ಹವಾಲ್ದಾರರು ಬಿ.ಎ. ಇಲ್ಲದೆಯೇ ಅರ್ಜಿ ಹಾಕಬಹುದಿತ್ತು. ಜಿಲ್ಲಾ ಸೈನಿಕ ಮಂಡಳಿಗೆ ಜಿಲ್ಲಾಧಿಕಾರಿಯೇ ಪದನಿಮಿತ್ತ ಅಧ್ಯಕ್ಷ. ಆ ಅಧ್ಯಕ್ಷನಿಗೇ ಈ ನಿಯಮ ತಿಳಿದಿರಲಿಲ್ಲ. ಮಂಡಳಿಯ ಸಭೆಗಳಲ್ಲಿ ಧ್ವಜ ದಿನಾಚರಣೆಯ ನಿಧಿ ಎಷ್ಟು ಸಂಗ್ರಹವಾಯಿತು, ಯುದ್ಧ ವಿಧವೆಯರ ಅರ್ಜಿಗಳು ಎಲ್ಲಿವೆ, ಜಮೀನಿನ ಕಡತ ಯಾರ ಮೇಜಿನ ಮೇಲಿದೆ ಎಂಬ ಚರ್ಚೆ ನಡೆಯುತ್ತಿತ್ತು. ಇವೆಲ್ಲ ಅಗತ್ಯವಾದವೇ. ಆದರೆ ಊರಿಗೆ ಬಂದ ಯೋಧ ಇನ್ನು ಮುಂದೆ ಏನಾಗಬೇಕು ಎಂಬ ವಿಷಯ ನನ್ನ ಅವಧಿಯ ಒಂದು ಸಭೆಯ ಕಾರ್ಯಸೂಚಿಯಲ್ಲೂ ಇರಲಿಲ್ಲ.

ದೇಶದಲ್ಲಿ ವರ್ಷಕ್ಕೆ ಸರಿಸುಮಾರು 60 ಸಾವಿರ ಮಂದಿ ಸೇನೆಯಿಂದ ನಿವೃತ್ತರಾಗುತ್ತಾರೆ. ಸೈನ್ಯ ಸದಾ ಯುವಕರಿಂದ ಕೂಡಿರಬೇಕೆಂಬ ಕಾರಣಕ್ಕೆ, ಇವರಲ್ಲಿ ಬಹುಪಾಲು ಜನ 35ರಿಂದ 45ರ ವಯಸ್ಸಿನಲ್ಲೇ ಹೊರಬೀಳುತ್ತಾರೆ. 'ಪಿಂಚಣಿ ಬರುತ್ತದಲ್ಲ, ಇನ್ನೇನು?' ಎಂದು ಕೇಳುವವರಿದ್ದಾರೆ. ಮೂವತ್ತೆಂಟರಲ್ಲಿ ಮನೆಗೆ ಬಂದವನ ಮಕ್ಕಳು ಆಗ ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಉಳಿದ ಸರ್ಕಾರಿ ನೌಕರರು ನಿವೃತ್ತರಾಗುವ ವಯಸ್ಸಿಗೆ ಇವನಿಗೆ ಇನ್ನೂ ಇಪ್ಪತ್ತೆರಡು ವರ್ಷಗಳಿವೆ. ದುಡಿಯುವ ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗ ಮುಂದೆಯೇ ಉಳಿದಿದೆ ಎಂದಾಯಿತು. ಆ ಭಾಗವನ್ನು ಎಟಿಎಂ ಬಾಗಿಲಲ್ಲೋ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ಕಳೆಯುವುದು ಅವನಿಗಷ್ಟೇ ಅಲ್ಲ, ದೇಶಕ್ಕೂ ನಷ್ಟ. ಕಾವಲು ಕೆಲಸವನ್ನು ನಾನು ಹೀನವೆಂದು ಎಣಿಸುವುದಿಲ್ಲ. ಆದರೆ ರಾಡಾರ್ ದುರಸ್ತಿ ಮಾಡಬಲ್ಲವನಿಗೂ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನೆರವಾದವನಿಗೂ, ಹತ್ತು ಜನರ ತುಕಡಿ ನಡೆಸಿದವನಿಗೂ ಅದೊಂದೇ ದಾರಿ ಕಾಣುತ್ತದೆಯಾದರೆ, ದಾರಿ ತೋರಿಸುವವರಲ್ಲಿ ದೋಷವಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದನ್ನು ಹೀಗೆ ನೋಡುತ್ತೇನೆ. ಗ್ಯಾರಿ ಬೆಕರ್ 1964ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ ಮಾನವ ಬಂಡವಾಳವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಎಲ್ಲಿಗೆ ಹೋದರೂ ಬೆಲೆ ಬಾಳುವ ಸಾಮಾನ್ಯ ಕೌಶಲ ಒಂದು. ಕಲಿಸಿದ ಸಂಸ್ಥೆಯೊಳಗೆ ಮಾತ್ರ ಬೆಲೆಯಿರುವ ನಿರ್ದಿಷ್ಟ ಕೌಶಲ ಇನ್ನೊಂದು. ಸೈನಿಕನ ಬಳಿ ಎರಡೂ ಇವೆ. ಫಿರಂಗಿ ಹಾರಿಸುವ ವಿದ್ಯೆಗೆ ಹೊರಗೆ ಮಾರುಕಟ್ಟೆಯಿಲ್ಲ. ಡೀಸೆಲ್ ಎಂಜಿನ್, ರೇಡಿಯೊ, ಸೇತುವೆ ನಿರ್ಮಾಣ, ಉಗ್ರಾಣದ ಲೆಕ್ಕ, ಅಡುಗೆ, ಶುಶ್ರೂಷೆ ಇವಕ್ಕೆ ಮಾರುಕಟ್ಟೆಯುಂಟು. ಆದರೆ ಆ ಮಾರುಕಟ್ಟೆ ಕೇಳುವುದು ಅನುಭವವನ್ನಲ್ಲ, ಕಾಗದವನ್ನು. ಹದಿನೇಳು ವರ್ಷ ಸೇನಾ ಆಸ್ಪತ್ರೆಯಲ್ಲಿ ದುಡಿದ ನರ್ಸಿಂಗ್ ಅಸಿಸ್ಟೆಂಟ್, ನರ್ಸಿಂಗ್ ಕೌನ್ಸಿಲ್ ಒಪ್ಪುವ ಡಿಪ್ಲೊಮಾ ಅಥವಾ ಪದವಿ ಇಲ್ಲದಿದ್ದರೆ ನರ್ಸ್ ಆಗಲಾರ. ಯಾವ ಕೌಶಲಕ್ಕೆ ಯಾವ ಕಾಗದ, ಅದನ್ನು ಎಲ್ಲಿ, ಎಷ್ಟು ಕಾಲದಲ್ಲಿ ಪಡೆಯಬಹುದು ಎಂದು ಹೇಳುವವರೇ ಸಲಹೆಗಾರರು. ನಮ್ಮಲ್ಲಿ ಕೊರತೆಯಿರುವುದು ಅವರದ್ದೇ.

ಸೇವಾವಧಿಯಲ್ಲಿ ಕಳೆದ ನಾಗರಿಕ ಅನುಭವದ ಬೆಲೆ ಎಷ್ಟೆಂಬುದನ್ನೂ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಲಾಟರಿ ಎತ್ತಿ ಯುವಕರನ್ನು ಸೇನೆಗೆ ಕರೆಯುತ್ತಿತ್ತು. 2021ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಜೋಶುವಾ ಆಂಗ್ರಿಸ್ಟ್ ಈ ಲಾಟರಿಯನ್ನೇ ಆಧಾರವಾಗಿಟ್ಟುಕೊಂಡು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೇವೆಯಿಂದ ಮರಳಿದ ಬಿಳಿಯ ಯೋಧರ ಗಳಿಕೆ 1980ರ ದಶಕದ ಆರಂಭದಲ್ಲಿ ಸೇನೆಗೆ ಹೋಗದ ಓರಗೆಯವರಿಗಿಂತ ಸುಮಾರು ಶೇ 15ರಷ್ಟು ಕಡಿಮೆಯಿತ್ತು. ಈ ಅಂತರ 2000ದ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿಹೋಗಿತ್ತೆಂದು ಅವರೇ ಭಾಗಿಯಾದ ನಂತರದ ಅಧ್ಯಯನ ತೋರಿಸಿತು. ಸರ್ಕಾರದ ನೆರವಿನಿಂದ ಯೋಧರು ಹೆಚ್ಚು ಓದಿದ್ದರೆಂಬುದನ್ನೂ ಅದು ದಾಖಲಿಸಿತು. ನಷ್ಟ ನಿಜ, ಆದರೆ ಅದು ಹಣೆಬರಹವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆ ನೆರವಿನ ಮೂಲ 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ, 'ಜಿ.ಐ. ಬಿಲ್' ಎಂದು ಪ್ರಸಿದ್ಧವಾದ ಕಾಯ್ದೆ. ಎರಡನೆಯ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಸುಮಾರು 1.6 ಕೋಟಿ ಅಮೆರಿಕನ್ನರಲ್ಲಿ 78 ಲಕ್ಷ ಮಂದಿ ಇದರಡಿ ಶಿಕ್ಷಣ ಅಥವಾ ತರಬೇತಿ ಪಡೆದರು. 1947ರಲ್ಲಿ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ಯೋಧರೇ ಆಗಿದ್ದರು. ಇಂಥವರು ಬಂದರೆ ವಿದ್ಯೆಯ ಮಟ್ಟ ಕುಸಿಯುತ್ತದೆಂದು ಆತಂಕಪಟ್ಟಿದ್ದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಕೊನಂಟ್, ಹಾರ್ವರ್ಡ್ ಕಂಡ ಅತ್ಯಂತ ಪ್ರಬುದ್ಧ ವಿದ್ಯಾರ್ಥಿಗಳು ಇವರೇ ಎಂದು ನಂತರ ಒಪ್ಪಿಕೊಂಡರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ 78 ಲಕ್ಷದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಸುಮಾರು 22 ಲಕ್ಷ ಮಾತ್ರ. ಉಳಿದವರು ವೃತ್ತಿಶಾಲೆಗಳಿಗೆ, ಕಾರ್ಖಾನೆಗಳ ತರಬೇತಿಗೆ, ಕೃಷಿ ತರಬೇತಿಗೆ ಹೋದರು. ಎಲ್ಲರಿಗೂ ಪದವಿಯೊಂದೇ ಮದ್ದೆಂದು ಆ ಕಾಯ್ದೆ ಭಾವಿಸಲಿಲ್ಲ.

ಅಮೆರಿಕದ ಎಡವಟ್ಟುಗಳಿಂದಲೂ ಕಲಿಯುವುದಿದೆ. ಯೋಜನೆಯ ಅನುಷ್ಠಾನ ಸ್ಥಳೀಯರ ಕೈಯಲ್ಲಿದ್ದುದರಿಂದ ದಕ್ಷಿಣದ ರಾಜ್ಯಗಳ ಕಪ್ಪು ಯೋಧರಿಗೆ ಅದರ ಪ್ರಯೋಜನ ಸರಿಯಾಗಿ ತಲುಪಲಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ಸೇವೆ ಸಲ್ಲಿಸಿದವರಿಗಾಗಿ 2008ರಲ್ಲಿ ಹೊಸ ಕಾಯ್ದೆ ಬಂದಾಗ, ಲಾಭಕ್ಕಾಗಿ ನಡೆಯುವ ಕಾಲೇಜುಗಳು ಯೋಧರ ಹಿಂದೆ ಬಿದ್ದವು. ಒಕ್ಕೂಟ ಸರ್ಕಾರದ ಶಿಕ್ಷಣ ನೆರವಿನ ಹಣ ಆದಾಯದ ಶೇ 90ನ್ನು ಮೀರಬಾರದೆಂಬ ನಿಯಮ ಅಲ್ಲಿನ ಅಂಥ ಕಾಲೇಜುಗಳಿಗಿತ್ತು. ಯೋಧರ ಶಿಕ್ಷಣದ ಹಣ ಮಾತ್ರ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೀಗಾಗಿ ಪ್ರತಿಯೊಬ್ಬ ಯೋಧನೂ ಅವರಿಗೆ ಬಂಗಾರದ ಗಿರಾಕಿಯಾದ. ಈ ಕಿಂಡಿ ಮುಚ್ಚಲು 2021ರ ಕಾಯ್ದೆಯೇ ಬೇಕಾಯಿತು. ಹಣ ಕೊಟ್ಟು ಸಲಹೆ ಕೊಡದಿದ್ದರೆ, ಸಲಹೆ ಕೊಡಲು ಮಾರಾಟಗಾರರು ಬರುತ್ತಾರೆ. 'ಒಂದೇ ವರ್ಷದಲ್ಲಿ ಡಿಗ್ರಿ' ಎಂಬ ಗೋಡೆಬರಹಗಳನ್ನು ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣಗಳಲ್ಲಿ ಕಂಡವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೆಂದು ಹೇಳಿದರೆ ತಪ್ಪಾದೀತು. ರಕ್ಷಣಾ ಸಚಿವಾಲಯದ ಅಡಿಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯವಿದೆ. ಅದು ನಿವೃತ್ತಿಯ ಅಂಚಿನಲ್ಲಿರುವವರಿಗೆ ತರಬೇತಿ ಏರ್ಪಡಿಸುತ್ತದೆ. ಅಧಿಕಾರಿಗಳನ್ನು ಐಐಎಂಗಳಿಗೂ ಕಳುಹಿಸುತ್ತದೆ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ. ಕೇಂದ್ರದ ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇ 10, ಗ್ರೂಪ್ 'ಡಿ' ಹಂತದಲ್ಲಿ ಶೇ 20ರಷ್ಟು ಮೀಸಲಾತಿ ನಿಗದಿಯಾಗಿದೆ. ನಮ್ಮ ರಾಜ್ಯದ ನೇಮಕಾತಿ ನಿಯಮಗಳಲ್ಲೂ ಮಾಜಿ ಸೈನಿಕರಿಗೆ ಪಾಲಿದೆ. ಆದರೂ ಈ ಹುದ್ದೆಗಳು ನಿಗದಿಯಾದ ಪ್ರಮಾಣಕ್ಕಿಂತ ಬಹಳ ಕಡಿಮೆ ಭರ್ತಿಯಾಗುತ್ತವೆ ಎಂಬುದನ್ನು ಸಂಸದೀಯ ಸಮಿತಿಗಳೇ ಎತ್ತಿ ತೋರಿಸಿವೆ. ಒಂದೆಡೆ ಖಾಲಿ ಹುದ್ದೆ, ಇನ್ನೊಂದೆಡೆ ಕೆಲಸವಿಲ್ಲದ ಯೋಧ. ಇವೆರಡರ ನಡುವೆ ಕಾಣೆಯಾಗಿರುವ ಕೊಂಡಿ ಯಾವುದೆಂದರೆ, ಸರಿಯಾದ ಸಮಯದಲ್ಲಿ ಸರಿಯಾದ ವಿಷಯ ಓದಿದ ಅರ್ಹತೆ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಪ್ರಶ್ನೆಯ ಸ್ವರೂಪವನ್ನೇ ಬದಲಿಸಿದೆ. ಯೋಜನೆಯ ಸಾಧಕ ಬಾಧಕಗಳ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ ಸೇರುವ ಅಗ್ನಿವೀರರ ಸೇವೆ ನಾಲ್ಕು ವರ್ಷ. ಅವರಲ್ಲಿ ಖಾಯಂ ಸೇವೆಗೆ ಉಳಿಯುವವರು ಶೇ 25ರವರೆಗೆ ಎಂದು ಯೋಜನೆ ಹೇಳಿತು. ಹೊರಬರುವವರಿಗೆ ಪಿಂಚಣಿಯಿಲ್ಲ, ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯಿದೆ. ಅದರಲ್ಲಿ ಸರಿಸುಮಾರು ಅರ್ಧ ಅವರದೇ ಸಂಬಳದಿಂದ ಕಡಿತವಾದದ್ದು. 2022ರ ಕೊನೆ ಹಾಗೂ 2023ರ ಆದಿಯಲ್ಲಿ ಸೇರಿದ ಮೊದಲ ತಂಡಗಳ ನಾಲ್ಕು ವರ್ಷದ ಲೆಕ್ಕ 2026ರ ಕೊನೆ ಹಾಗೂ 2027ರ ಆದಿಗೆ ಬರುತ್ತದೆ. ಹವಾಲ್ದಾರರಿಗೆ ತಪ್ಪು ಸಲಹೆ ಕೊಟ್ಟರೂ ಪಿಂಚಣಿ ಅವರ ಕೈಹಿಡಿಯಿತು. ಇಪ್ಪತ್ತೆರಡರ ಹುಡುಗನಿಗೆ ಆ ಆಸರೆಯಿಲ್ಲ.

ಇವರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮೂರು ವರ್ಷದ ಪದವಿಯನ್ನು ಕೇಂದ್ರ 2022ರಲ್ಲಿಯೇ ಪ್ರಕಟಿಸಿತು. ಪದವಿಯ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ದೊರೆಯುತ್ತದೆ. ಉಳಿದರ್ಧಕ್ಕೆ ಭಾಷೆ, ಅರ್ಥಶಾಸ್ತ್ರ, ಇತಿಹಾಸ, ಗಣಿತ, ವಾಣಿಜ್ಯ, ಪ್ರವಾಸೋದ್ಯಮ, ಕೃಷಿ ಹೀಗೆ ಹಲವು ವಿಷಯಗಳಿಂದ ಆರಿಸಿಕೊಳ್ಳಬೇಕು. ಇದು ಒಳ್ಳೆಯ ಯೋಜನೆ. ಆದರೆ ಆ ಉಳಿದ ಅರ್ಧದಲ್ಲೇ ಹುಡುಗನ ಭವಿಷ್ಯವಿದೆ. ಅದನ್ನು ಆರಿಸಲು ಅವನಿಗೆ ನೆರವಾಗುವವರು ಯಾರು?

ಆ ಮದುವೆ ಮನೆಯಲ್ಲಿ ಹವಾಲ್ದಾರರು ನನ್ನನ್ನು ಹುಡುಕಿಕೊಂಡು ಬಂದದ್ದು ಹಳೆಯ ಕಥೆ ಹೇಳಲು ಅಲ್ಲ. ಅವರ ತಮ್ಮನ ಮಗ 2023ರಲ್ಲಿ ಅಗ್ನಿವೀರನಾಗಿ ಸೇರಿ ಸಿಗ್ನಲ್ಸ್ ವಿಭಾಗದಲ್ಲಿದ್ದಾನೆ. ರಜೆಯಲ್ಲಿ ಬಂದಿದ್ದವನನ್ನು ಜತೆಗೇ ಕರೆತಂದಿದ್ದರು. ಪದವಿಗೆ ಯಾವ ವಿಷಯ ತೆಗೆದುಕೊಂಡಿದ್ದೀಯೆಂದು ಕೇಳಿದೆ. 'ಎಲ್ಲಾರೂ ತಗೊಂಡಿದ್ದು ತಗೊಂಡೀನ್ರಿ' ಎಂದ. ಈ ಸಲ ಆತುರಪಡದೆ ಒಂದು ಗಂಟೆ ಅವನ ಮಾತು ಕೇಳಿದೆ. ರೇಡಿಯೊ ಉಪಕರಣ, ಕೇಬಲ್ ಜೋಡಣೆ ಅವನಿಗೆ ಗೊತ್ತು, ಗಣಿತವೆಂದರೆ ಭಯವಿಲ್ಲ, ಊರು ಬಿಡಲು ಸಿದ್ಧ. ದೂರಸಂಪರ್ಕ ಜಾಲದ ಕೆಲಸ, ಅದಕ್ಕೆ ಬೇಕಾದ ಡಿಪ್ಲೊಮಾ, ಇರುವ ಪದವಿಯಲ್ಲೇ ಗಣಿತ ತೆಗೆದುಕೊಳ್ಳುವ ಸಾಧ್ಯತೆ ಎಲ್ಲವನ್ನೂ ಮಾತಾಡಿದೆವು. ನಂತರ 'ಮುಂದಿನ ವಿವರಕ್ಕೆ ಇಂಥವರನ್ನು ಕಾಣು' ಎನ್ನಲು ಹೊರಟು ತಡೆದೆ. ಮೂವತ್ತೈದು ವರ್ಷ ಆಡಳಿತದಲ್ಲಿದ್ದ ನನಗೆ, ಜಿಲ್ಲೆಯಲ್ಲಿ ಆ ಹುಡುಗ ಹೋಗಿ ಕೂರಬಹುದಾದ ಒಂದು ಕುರ್ಚಿ ನೆನಪಾಗಲಿಲ್ಲ.

ಆ ಕುರ್ಚಿಯನ್ನು ಹಾಕಲು ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಮೊದಲನೆಯದಾಗಿ, ಪ್ರತಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಶಿಕ್ಷಣ ಮತ್ತು ಉದ್ಯೋಗ ಸಲಹೆಗೆಂದೇ ಒಬ್ಬ ತರಬೇತಾದ ವ್ಯಕ್ತಿ ಇರಬೇಕು. ಸ್ವತಃ ಈ ದಾರಿಯಲ್ಲಿ ನಡೆದು ಬಂದ ಮಾಜಿ ಸೈನಿಕರಿಗಿಂತ ಸೂಕ್ತರು ಇದಕ್ಕೆ ಸಿಗಲಾರರು. ಎರಡನೆಯದಾಗಿ, ಸೇನೆಯ ಪ್ರತಿಯೊಂದು ಟ್ರೇಡ್‌ಗೆ ಹೊಂದುವ ಐಟಿಐ, ಡಿಪ್ಲೊಮಾ, ಪದವಿ ಮತ್ತು ಹುದ್ದೆಗಳ ಪಟ್ಟಿಯನ್ನು ಸರಳ ಕನ್ನಡದಲ್ಲಿ ಮುದ್ರಿಸಿ, ರಜೆಯಲ್ಲಿ ಬಂದ ಯೋಧನ ಕೈಗೆ ಸಿಗುವಂತೆ ಮಾಡಬೇಕು. ಅನುಭವಕ್ಕೂ ಕ್ರೆಡಿಟ್ ಕೊಡಬಹುದೆಂದು 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೇಳುತ್ತದೆ. ಅದನ್ನು ಬಳಸಿ ವಿನಾಯಿತಿ ಕೊಡುವಂತೆ ನಮ್ಮ ಪಾಲಿಟೆಕ್ನಿಕ್ ಮತ್ತು ವಿಶ್ವವಿದ್ಯಾಲಯಗಳನ್ನು ಒಪ್ಪಿಸುವುದು ರಾಜ್ಯ ಸರ್ಕಾರದ ಕೆಲಸ. ಮೂರನೆಯದಾಗಿ, ಈ ಮಾತುಕತೆ ನಿವೃತ್ತಿಗೆ ಕನಿಷ್ಠ ಎರಡು ವರ್ಷ ಮೊದಲೇ ಆರಂಭವಾಗಬೇಕು. ಅದರಲ್ಲಿ ಹೆಂಡತಿಯೂ ಇರಬೇಕು. ಎಲ್ಲಿ ನೆಲೆಸುವುದು, ಮಕ್ಕಳ ಶಾಲೆ ಎಲ್ಲಿ, ಎಷ್ಟು ತಿಂಗಳು ಸಂಬಳವಿಲ್ಲದೆ ಓದಬಹುದು ಎಂಬ ಲೆಕ್ಕ ಅವರಿಬ್ಬರದ್ದು. ವಿಷಯದ ಆಯ್ಕೆ ಆ ಲೆಕ್ಕದ ನಂತರದ ಮಾತು.

ಒಂದು ಎಚ್ಚರಿಕೆ ಅಗತ್ಯ. ಮೆಕ್ಯಾನಿಕ್ ಆಗಿದ್ದವನು ಮೆಕ್ಯಾನಿಕ್ ಆಗಿಯೇ ಸಾಯಬೇಕೆಂದು ನಾನು ವಾದಿಸುತ್ತಿಲ್ಲ. ಹದಿನೇಳು ವರ್ಷ ಗ್ರೀಸ್ ಮೆತ್ತಿಕೊಂಡವನಿಗೆ ಇತಿಹಾಸ ಓದಿ ಮೇಷ್ಟರಾಗುವ ಆಸೆಯಿರಬಹುದು, ಕಾನೂನು ಓದಿ ವಕೀಲನಾಗುವ ಹಂಬಲವಿರಬಹುದು. ಕಾಲಾಳು ಪಡೆಯ ಯೋಧನಿಗಂತೂ ಹೊರಗೆ ನೇರವಾಗಿ ಹೊಂದುವ ಕಸುಬೇ ಇಲ್ಲ. ಅವನ ಆಸ್ತಿ ಶಿಸ್ತು, ಜನರನ್ನು ನಡೆಸುವ ಶಕ್ತಿ, ಅಪಾಯದಲ್ಲಿ ಧೈರ್ಯ. ಅವನಿಗೆ ವಿಪತ್ತು ನಿರ್ವಹಣೆ, ದೈಹಿಕ ಶಿಕ್ಷಣ, ಸರಕು ಸಾಗಣೆಯ ನಿರ್ವಹಣೆಯಂಥ ದಾರಿಗಳನ್ನು ತೋರಿಸಿ, ಆಯ್ಕೆಯನ್ನು ಅವನಿಗೇ ಬಿಡಬೇಕು. ಬಿ.ಎ. ಪದವಿಯ ಬಗ್ಗೆಯೂ ನನಗೆ ತಿರಸ್ಕಾರವಿಲ್ಲ. ಯಾಕೆ ಓದುತ್ತಿದ್ದೇನೆಂದು ತಿಳಿದು ಓದಿದ ಬಿ.ಎ. ಒಬ್ಬನನ್ನು ಎಲ್ಲಿಗಾದರೂ ಕೊಂಡೊಯ್ಯಬಲ್ಲದು. ಅಧಿಕಾರಿಯೊಬ್ಬ ಕೈಬೀಸಿ ಹೇಳಿದನೆಂದು ಓದಿದ ಬಿ.ಎ. ಗೇಟಿನವರೆಗೆ ಕೊಂಡೊಯ್ಯುತ್ತದೆ.

ಕೆಲಸವಿಲ್ಲದ ಪದವೀಧರರೆಲ್ಲರಿಗೂ ಸಲಹೆ ಬೇಕಲ್ಲ, ಇವರಿಗೇ ಏಕೆ ವಿಶೇಷ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಸರಳ. ಓರಗೆಯವರು ಕಾಲೇಜಿನ ಕಟ್ಟೆಯ ಮೇಲೆ ಕುಳಿತು ಪರಸ್ಪರ ವಿಚಾರಿಸಿ, ಎಡವಿ, ದಾರಿ ಕಂಡುಕೊಳ್ಳುವ ವರ್ಷಗಳಲ್ಲಿ ಈ ಹುಡುಗರು ಗಡಿಯಲ್ಲಿದ್ದರು. ಆ ವರ್ಷಗಳನ್ನು ತೆಗೆದುಕೊಂಡವರು ನಾವು. ಹಿಂತಿರುಗಿಸಲು ಆಗದು, ಅವು ಕಲಿಸಬೇಕಿದ್ದುದನ್ನಾದರೂ ಕೂರಿಸಿ ಹೇಳಬಹುದು.

ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. ಶಾಲಾ ಮಕ್ಕಳು ಬಂದು ಅಂಗಿಗೆ ಚುಚ್ಚುವ ಪುಟ್ಟ ಬಾವುಟಕ್ಕೆ ಎಷ್ಟೋ ವರ್ಷ ನಾನು ನೋಟು ಹಾಕಿ, ಕರ್ತವ್ಯ ಮುಗಿಯಿತೆಂದುಕೊಂಡಿದ್ದೇನೆ. ಈಗ ಡಿಸೆಂಬರ್‌ಗೆ ಕಾಯುವಷ್ಟು ತಾಳ್ಮೆಯಿಲ್ಲ. ಸಿಗ್ನಲ್ಸ್‌ನ ಆ ಹುಡುಗ ಆಗಾಗ ಫೋನ್ ಮಾಡುತ್ತಾನೆ. ಗೊತ್ತಿದ್ದುದನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಪಾಲಿಟೆಕ್ನಿಕ್‌ನ ಪ್ರಾಂಶುಪಾಲರಲ್ಲಿ ವಿಚಾರಿಸಿ ತಿಳಿಸುತ್ತೇನೆ. ನಿವೃತ್ತ ಅಧಿಕಾರಿಗಳು, ಪ್ರಾಧ್ಯಾಪಕರು, ಎಂಜಿನಿಯರುಗಳು ಊರೂರಲ್ಲೂ ಇದ್ದಾರೆ. ವಾರಕ್ಕೆ ಒಂದು ಗಂಟೆ ಕೊಡಲು ಅವರಲ್ಲಿ ಬಹುಮಂದಿ ಸಿದ್ಧರಿದ್ದಾರೆ. ಅವರನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸುವ ಕೆಲಸವನ್ನು, ಇಂದು ನನ್ನ ಸ್ಥಾನದಲ್ಲಿರುವ ಜಿಲ್ಲಾಧಿಕಾರಿಗಳು ಸೈನಿಕ ಮಂಡಳಿಯ ಮುಂದಿನ ಸಭೆಯಲ್ಲಿಯೇ ಮಾಡಬಹುದು. ಕಾರ್ಯಸೂಚಿಗೆ ಒಂದು ವಿಷಯ ಸೇರಿಸಿದರೆ ಸಾಕು.